ಕಿವುಡರ ಬಲಿಪೂಜೆಗೆ ಒಂದು ಮರದ ವೇದಿಕೆ: ಅಳತೆಯಿಂದ ಬಣ್ಣದವರೆಗೆ

ಮಂಗಳೂರಿನ ಹೊರಗಿರುವ ನಮ್ಮ ಚರ್ಚಿನಲ್ಲಿ ತಿಂಗಳಿಗೊಂದು ಭಾನುವಾರ ಸನ್ನೆ ಭಾಷೆಯ ಬಲಿಪೂಜೆ (ಮಾಸ್) ಇರುತ್ತದೆ. ಬಂಟ್ವಾಳ, ಮೂಡುಬಿದಿರೆ ಕಡೆಯಿಂದಲೂ ಕಿವುಡರು ಬಸ್ಸು ಹಿಡಿದು ಬರುತ್ತಾರೆ. ಫಾದರ್ ಬಾಯಲ್ಲಿ ಹೇಳಿದ್ದನ್ನು ಇಂಟರ್‌ಪ್ರಿಟರ್ ಕೈಯಲ್ಲಿ ಹೇಳುತ್ತಾರೆ.

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸ್ವಯಂಸೇವಕನಾಗಿ ಮೊದಲ ಸಲ ಅಲ್ಲಿ ಕುರ್ಚಿ ಜೋಡಿಸಲು ಹೋಗಿದ್ದೆ. ಇಂಟರ್‌ಪ್ರಿಟರ್ ನೆಲದ ಮೇಲೆ, ಕಂಬದ ಪಕ್ಕ ನಿಂತಿದ್ದರು. ಮೊದಲ ಸಾಲಿನವರಿಗೆ ಎಲ್ಲಾ ಕಾಣುತ್ತಿತ್ತು. ಎರಡನೇ ಸಾಲಿನವರು ಕತ್ತು ಆ ಕಡೆ ಈ ಕಡೆ ವಾಲಿಸುತ್ತಿದ್ದರು. ಮೂರನೇ ಸಾಲಿನ ಒಬ್ಬ ಅಜ್ಜ ಪ್ರವಚನ ಮುಗಿಯುವವರೆಗೂ ಗೋಡೆಗೆ ಒರಗಿ ನಿಂತೇ ಇದ್ದರು. ಕೂತರೆ ಅವರಿಗೆ ಪ್ರವಚನವೇ ಇರಲಿಲ್ಲ.

ಎನ್ನೆಸ್ಸೆಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ನಾನು ಆ ಗಂಟೆಗಳನ್ನು ಈ ಕೆಲಸಕ್ಕೆ ಹಾಕಿದೆ. ನಮ್ಮ ಓಣಿಯ ಮರಗೆಲಸದ ಆಚಾರಿಯೊಬ್ಬರು ಕೈಹಿಡಿದು ಕಲಿಸಿದರು. ಮಾಡಿದ್ದು ಇಷ್ಟು: ಇಂಟರ್‌ಪ್ರಿಟರ್ ನಿಲ್ಲಲು ಒಂದು ವೇದಿಕೆ, ಅವರ ಹಿಂದೆ ಒಂದು ಹಿನ್ನೆಲೆ ಹಲಗೆ, ಎದುರಿಗೆ ನಾಲ್ಕು ಗಿಡ್ಡ ಬೆಂಚು. ನಿಮ್ಮ ಚರ್ಚಿನಲ್ಲೋ ಸಭಾಭವನದಲ್ಲೋ ಇಂಥದ್ದು ಮಾಡುವ ಮನಸ್ಸಿದ್ದರೆ ಈ ಅಳತೆಗಳನ್ನು ಧೈರ್ಯವಾಗಿ ಬಳಸಿ. ನಾನು ತಪ್ಪಿದ ಕಡೆಯನ್ನೂ ಹೇಳಿದ್ದೇನೆ.

ಕೆಲಸ ಶುರು ಮಾಡುವ ಸಮಯ

ದೀಪಾವಳಿ ಕಳೆದ ಮೇಲೆ ಶುರು ಮಾಡಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಗಾಳಿಯಲ್ಲಿನ ನೀರು ಕುಡಿದು ಉಬ್ಬಿರುತ್ತದೆ. ಆಗ ಬಿಗಿಯಾಗಿ ಕೂರಿಸಿದ ಕೂಡು ಫೆಬ್ರವರಿಯಲ್ಲಿ ಸಡಿಲವಾಗುತ್ತದೆ. ನವೆಂಬರಿನಲ್ಲಿ ಶುರು ಮಾಡಿದರೆ ಜನವರಿ 24ಕ್ಕೆ ಮುಗಿಸಬಹುದು. ಅದು ಸಂತ ಫ್ರಾನ್ಸಿಸ್ ದೆ ಸಾಲ್ ಅವರ ಹಬ್ಬ. ಜಿನೀವಾದ ಬಿಷಪ್ ಆಗಿದ್ದ ಅವರು ಮಾರ್ಟಿನ್ ಎಂಬ ಕಿವುಡ ಯುವಕನಿಗೆ ಸನ್ನೆಗಳ ಮೂಲಕವೇ ಧರ್ಮೋಪದೇಶ ಮಾಡಿದರು. ಹಾಗಾಗಿ ಕಿವುಡರ ಪಾಲಕ ಸಂತರೆಂದು ಅವರನ್ನು ನೆನೆಯುತ್ತಾರೆ. ನಾವು ಅದೇ ದಿನವನ್ನು ಗಡುವಾಗಿ ಇಟ್ಟುಕೊಂಡೆವು.

ಮೊದಲು ಅವರ ಜೊತೆ ಕೂತು ಮಾತಾಡಿ

ಫಾದರ್ ಒಪ್ಪಿಗೆ ಬೇಕು, ಚರ್ಚ್ ಪಾಲನಾ ಮಂಡಳಿಯ ಒಪ್ಪಿಗೆಯೂ ಬೇಕು. ನಿಮ್ಮ ವಾರ್ಡಿನ ಗುರ್ಕಾರರನ್ನು (ವಾರ್ಡಿನ ಮುಖಂಡರನ್ನು) ಜೊತೆಗೆ ಕರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಆದರೆ ಅದಕ್ಕೂ ಮೊದಲು ಆಗಬೇಕಾದ್ದು ಕಿವುಡರ ಜೊತೆಗಿನ ಮಾತು. ನಾನು ಇದನ್ನು ತಡವಾಗಿ ಮಾಡಿದೆ. ಮನೆಯಲ್ಲೇ ಕೂತು ಚಿತ್ರ ಬರೆದು, ಅರ್ಧ ಮರ ಕೊಯ್ದ ಮೇಲೆ ಹೋಗಿ ತೋರಿಸಿದೆ. ನನ್ನ ಚಿತ್ರದಲ್ಲಿ ಇಂಟರ್‌ಪ್ರಿಟರ್ ಮುಂದೆ ಎದೆ ಎತ್ತರದ ಒಂದು ವಾಚನಪೀಠ ಇತ್ತು. ನೋಡಲು ಚಂದ ಇತ್ತು. ಒಬ್ಬ ಹುಡುಗಿ ಕಾಗದವನ್ನು ಕೈಗೆ ತೆಗೆದುಕೊಂಡು ಆ ಪೀಠದ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಆಮೇಲೆ ನನ್ನ ಮುಖ ನೋಡಿದಳು. ಹೌದು, ಅಷ್ಟೂ ಜಾಗದಲ್ಲಿ ಕೈ ಕಾಣುವುದಿಲ್ಲ. ಪೀಠವನ್ನು ಅಲ್ಲಿಗೇ ಬಿಟ್ಟೆ.

ಮಾತಿಗೆ ಕೂರುವಾಗ ಇಂಟರ್‌ಪ್ರಿಟರ್ ಒಬ್ಬರನ್ನು ಕರೆಯಿರಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಅದು ಅವರ ವೃತ್ತಿ. ಮಾತಾಡುವಾಗ ಮಾತ್ರ ಕಿವುಡರ ಮುಖವನ್ನೇ ನೋಡಿ ಮಾತಾಡಿ. 'ಅವರನ್ನು ಕೇಳಿ, ಎಷ್ಟು ಎತ್ತರ ಬೇಕಂತೆ' ಎಂದು ಇಂಟರ್‌ಪ್ರಿಟರಿಗೆ ಹೇಳಬೇಡಿ. 'ನಿಮಗೆ ಎಷ್ಟು ಎತ್ತರ ಬೇಕು' ಎಂದು ಅವರಿಗೇ ಹೇಳಿ.

ಇನ್ನೊಂದು ವಿಷಯ ನನಗೆ ಆ ದಿನವೇ ಗೊತ್ತಾದದ್ದು. ಅಲ್ಲಿ ಕೊಂಕಣಿ ಮನೆಯವರಿದ್ದರು, ತುಳು ಮನೆಯವರಿದ್ದರು, ಮಲಯಾಳಂ ಮನೆಯವರೂ ಇದ್ದರು. ಅವರೆಲ್ಲರ ನಡುವಿನ ಭಾಷೆ ಒಂದೇ, ಭಾರತೀಯ ಸನ್ನೆ ಭಾಷೆ. ಅದು ಕನ್ನಡವನ್ನು ಕೈಯಲ್ಲಿ ಬರೆದು ತೋರಿಸುವ ಉಪಾಯ ಅಲ್ಲ. ಅದಕ್ಕೆ ಅದರದ್ದೇ ವ್ಯಾಕರಣ ಇದೆ. ಹುಬ್ಬು ಏರುವುದು, ತಲೆ ವಾಲುವುದು, ಬಾಯಿಯ ಆಕಾರ ಕೂಡ ಆ ವ್ಯಾಕರಣದ ಭಾಗ. ಅಂದರೆ ಕೈ ಕಂಡರೆ ಸಾಲದು, ಮುಖವೂ ಕಾಣಬೇಕು. ಸೊಂಟದಿಂದ ತಲೆಯ ಮೇಲೆ ಒಂದು ಗೇಣಿನವರೆಗೆ, ಎರಡೂ ಮೊಣಕೈ ಚಾಚುವಷ್ಟು ಅಗಲಕ್ಕೆ, ಇಡೀ ಜಾಗ ಕಾಣಬೇಕು. ನೀವು ಮಾಡುವ ಪ್ರತಿ ಅಳತೆಯೂ ಈ ಜಾಗವನ್ನು ಕಾಪಾಡುವುದಕ್ಕೆ.

ಕಣ್ಣಿನ ಗೆರೆ: ಮರ ಕೊಯ್ಯುವ ಮುಂಚಿನ ಲೆಕ್ಕ

ಇದೊಂದು ಹಂತವನ್ನು ಅವಸರದಲ್ಲಿ ಮಾಡಬೇಡಿ. ಟೇಪು, ಒಂದು ಉದ್ದ ದಾರ, ಒಂದು ಪುಸ್ತಕ ತೆಗೆದುಕೊಂಡು ಚರ್ಚಿಗೆ ಹೋಗಿ.

ಬೆಂಚಿನ ಎತ್ತರ ಸಾಮಾನ್ಯವಾಗಿ 17–18 ಇಂಚು. ಅದರಲ್ಲಿ ಕೂತ ದೊಡ್ಡವರ ಕಣ್ಣು ನೆಲದಿಂದ ಸುಮಾರು 46 ಇಂಚಿನಲ್ಲಿರುತ್ತದೆ, ನೆತ್ತಿ ಸುಮಾರು 50 ಇಂಚಿನಲ್ಲಿ. ಸಾಲಿನಿಂದ ಸಾಲಿಗೆ 3 ಅಡಿ ಇದೆ ಎಂದಿಟ್ಟುಕೊಳ್ಳಿ. ಎರಡನೇ ಸಾಲಿನವರು ಮೊದಲ ಸಾಲಿನವರ ನೆತ್ತಿಯ ಮೇಲಿಂದ ನೋಡಬೇಕು. ಅವರ ನೋಟ 36 ಇಂಚು ಮುಂದೆ ಹೋಗುವಷ್ಟರಲ್ಲಿ 4 ಇಂಚು ಏರಿತು. ಅಂದರೆ ಪ್ರತಿ 9 ಇಂಚಿಗೆ 1 ಇಂಚು. ಇಂಟರ್‌ಪ್ರಿಟರ್ ಮೊದಲ ಸಾಲಿನಿಂದ 8 ಅಡಿ ದೂರ ಇದ್ದರೆ, ಆ ನೋಟ ಅವರನ್ನು ಮುಟ್ಟುವಾಗ ನೆಲದಿಂದ ಸುಮಾರು 61 ಇಂಚು ಎತ್ತರದಲ್ಲಿರುತ್ತದೆ. ಐದಡಿ ಮೂರಿಂಚು ಎತ್ತರದ ಇಂಟರ್‌ಪ್ರಿಟರ್ ಅಂದರೆ 63 ಇಂಚು. ನೆಲದ ಮೇಲೆ ನಿಂತರೆ ಎರಡನೇ ಸಾಲಿನವರಿಗೆ ಕಾಣುವುದು ತಲೆಯ ಮೇಲಿನ 2 ಇಂಚು ಮಾತ್ರ!

ಈಗ ಅವರನ್ನು 12 ಇಂಚಿನ ವೇದಿಕೆ ಮೇಲೆ ನಿಲ್ಲಿಸಿ. ಭುಜದಿಂದ ಮೇಲೆ ಕಾಣುತ್ತದೆ. ಇನ್ನೂ ಸಾಲದು. ಸೊಂಟದಿಂದ ಕಾಣಬೇಕಾದರೆ ವೇದಿಕೆ 22–23 ಇಂಚು ಆಗಬೇಕು. ಅಷ್ಟು ಎತ್ತರ ಮಾಡಿದರೆ ಮೊದಲ ಸಾಲಿನವರ ಕತ್ತು ನೋಯುತ್ತದೆ, ಹತ್ತಿ ಇಳಿಯುವುದೂ ಅಪಾಯ.

ಹಾಗಾದರೆ ದಾರಿ ಏನು? ಎತ್ತರದ ಅರ್ಧ ಕೆಲಸವನ್ನು ಬೆಂಚಿಗೆ ಹಂಚಿ. ಎರಡನೇ ಸಾಲನ್ನು ಅರ್ಧ ಆಸನದಷ್ಟು ಪಕ್ಕಕ್ಕೆ ಸರಿಸಿ. ಆಗ ಹಿಂದಿನವರ ಎದುರು ತಲೆಯ ಬದಲು ಎರಡು ತಲೆಗಳ ನಡುವಿನ ಸಂದು ಬರುತ್ತದೆ. ಸಾಲುಗಳನ್ನು ಬಿಲ್ಲಿನಂತೆ ಬಾಗಿಸಿ. ಮೊದಲ ಸಾಲನ್ನು 5–6 ಅಡಿಗೆ ತನ್ನಿ. ಇಷ್ಟು ಮಾಡಿದರೆ 12 ಇಂಚು ಸಾಕು. ಬಾಗಿದ ಸಾಲಿನಿಂದ ಇನ್ನೊಂದು ಲಾಭ ಇದೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತದೆ, ಉತ್ತರ ಹೇಳುವಾಗ ಪರಸ್ಪರ ನೋಡಬಹುದು. ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯ 2005ರಲ್ಲಿ 'ಡೆಫ್ ಸ್ಪೇಸ್' ಎಂಬ ಕೆಲಸ ಶುರು ಮಾಡಿತು. ಕಟ್ಟಡದಲ್ಲಿ ನೋಟದ ಗೆರೆ, ಬೆಳಕು, ಬಣ್ಣ, ನೆಲದ ಕಂಪನ ಹೇಗಿರಬೇಕು ಎಂದು ಅಲ್ಲಿ ಕೂತು ಯೋಚಿಸಿದ್ದಾರೆ. ನಮ್ಮ ನಾಲ್ಕು ಬೆಂಚಿಗೂ ಅದೇ ಯೋಚನೆ ಹೊಂದುತ್ತದೆ.

ಲೆಕ್ಕವನ್ನು ನಂಬಿ ಸುಮ್ನೆ ಮರ ಕೊಯ್ಯಬೇಡಿ. ಚರ್ಚ್ ಕಂಪೌಂಡಿನಲ್ಲಿ ನಾಲ್ಕು ಮುರಕಲ್ಲು (ಕೆಂಪುಕಲ್ಲು) ಇದ್ದೇ ಇರುತ್ತದೆ. ಅದನ್ನು ಜೋಡಿಸಿ ಮೇಲೆ ದಪ್ಪ ಹಲಗೆ ಇಟ್ಟು, ಅಲುಗದಂತೆ ನೋಡಿಕೊಂಡು, ಒಬ್ಬರನ್ನು ನಿಲ್ಲಿಸಿ. ಎಲ್ಲ ಸಾಲಿನಲ್ಲೂ ಕಿವುಡರನ್ನೇ ಕೂರಿಸಿ. ಪುಸ್ತಕದ ಒಂದು ಪ್ಯಾರಾ ಸನ್ನೆಯಲ್ಲಿ ಹೇಳಿಸಿ. ಕೊನೆಯ ಸಾಲಿನವರು ಅದನ್ನು ತಿರುಗಿ ಹೇಳಲಿ. ಎಲ್ಲಿ ತಪ್ಪಿತೋ ಅಲ್ಲಿ ಬೆಂಚು ಸರಿಸಿ, ಸುಣ್ಣದ ಕಡ್ಡಿಯಿಂದ ನೆಲದಲ್ಲಿ ಗುರುತು ಹಾಕಿ. ನಮಗೆ ಇದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ವೇದಿಕೆಯ ಜಾಗವೂ ಅಂದೇ ತೀರ್ಮಾನ ಆಗಲಿ. ಬಲಿಪೀಠ ಮತ್ತು ಇಂಟರ್‌ಪ್ರಿಟರ್ ಎರಡೂ ಒಂದೇ ನೋಟದಲ್ಲಿ ಸಿಗಬೇಕು. ರೊಟ್ಟಿ ಎತ್ತುವ ಹೊತ್ತಿಗೆ ಕತ್ತು ಪೂರ್ತಿ ತಿರುಗಿಸುವಂತಾದರೆ ಒಂದು ತಪ್ಪಿಹೋಗುತ್ತದೆ. ಫಾದರ್ ತಾವೇ ಸನ್ನೆ ಮಾಡುವವರಾದರೆ ಲೆಕ್ಕವನ್ನು ಬಲಿಪೀಠದಿಂದಲೇ ಹಾಕಿ. ಅಂಥ ದಿನ ದೂರ ಇಲ್ಲ. 2024ರ ಮೇ ತಿಂಗಳಲ್ಲಿ ಪಕ್ಕದ ಕೇರಳದ ತ್ರಿಶೂರಿನಲ್ಲಿ ಜೋಸೆಫ್ ತೆರ್ಮಡಂ ಎಂಬ ಕಿವುಡ ಯುವಕರಿಗೆ ಗುರುದೀಕ್ಷೆ ಆಯಿತು, ಅಂದರೆ ಅವರು ಫಾದರ್ ಆದರು.

ಮರ ಎಲ್ಲಿಂದ?

ಹೊಸ ಸಾಗುವಾನಿ ದುಬಾರಿ. ಹಲಸು, ಹೆಬ್ಬಲಸು ಒಳ್ಳೆಯದೇ, ಆದರೆ ಒಣಗಿದ್ದು ಸಿಗಬೇಕು. ನಾನು ಹೇಳುವುದಾದರೆ ಹಳೆ ಮನೆಯ ಮರ ಹುಡುಕಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರ ತುಂಬ ಹಂಚಿನ ಮನೆಗಳು ಎದ್ದವು. ಈಗ ಅವುಗಳನ್ನು ಕೆಡವಿ ತಾರಸಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ಇಳಿಸಿದ ಪಕ್ಕಾಸು (ಮಾಡಿನ ಓರೆ ತೊಲೆ), ರೀಪು (ಹಂಚಿನಡಿಯ ಪಟ್ಟಿ) ರಾಶಿ ಬಿದ್ದಿರುತ್ತದೆ. ಹತ್ತಾರು ವರ್ಷ ಮಾಡಿನಡಿ ಒಣಗಿದ ಮರ ಅದು. ಇನ್ನು ಹೆಚ್ಚು ಡೊಂಕುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಹಳೆ ಮರ ತಂದರೆ ಮೊದಲ ಕೆಲಸ ಮೊಳೆ ಹುಡುಕುವುದು. ಒಂದು ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಉದ್ದಕ್ಕೂ ಮೆಲ್ಲ ಎಳೆಯಿರಿ. ಎಲ್ಲಿ ಅಂಟಿತೋ ಅಲ್ಲಿ ಒಳಗೆ ಮುರಿದ ಮೊಳೆ ಇದೆ. ಗರಗಸದ ಅಲಗು ಮೊಳೆಗೆ ಬಡಿದರೆ ಚೂರು ಕಣ್ಣಿಗೆ ಹಾರಬಹುದು. ಮರದ ಹೊರಗಿನ ಬಿಳಿ ಭಾಗವನ್ನು ಕೆತ್ತಿ ತೆಗೆಯಿರಿ, ಹುಳು ಹಿಡಿಯುವುದು ಅಲ್ಲೇ. ಒಳಗಿನ ಚೇಗು ಉಳಿದರೆ ಸಾಕು.

ಮೇಲ್ಹಾಸಿಗೆ 18 ಮಿ.ಮೀ. ಪ್ಲೈವುಡ್ ತನ್ನಿ. 8×4 ಅಡಿಯ ಒಂದು ಶೀಟು ಸಾಕು. ಇದರಲ್ಲಿ ನಾನು ಪೆಟ್ಟು ತಿಂದೆ. ಅಂಗಡಿಯೊಂದರಲ್ಲಿ 'ಇದಕ್ಕೂ ನೀರು ತಾಗಿದರೆ ಏನಾಗಲ್ಲ' ಎಂದು ಕೊಟ್ಟ ಕಡಿಮೆ ದರ್ಜೆಯ ಪ್ಲೈಯಿಂದ ಮೆಟ್ಟಿಲಿನ ಮಾದರಿ ಮಾಡಿದ್ದೆ. ಒಂದೇ ಮಳೆಗಾಲದಲ್ಲಿ ಅಂಚು ಉಬ್ಬಿ ಪದರ ಬಿಟ್ಟಿತು. ಶೀಟಿನ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ತನ್ನಿ. ಅದು ಬಿಡಬ್ಲ್ಯುಪಿ ದರ್ಜೆ, ಕುದಿವ ನೀರಿಗೂ ಅಂಟು ಬಿಡುವುದಿಲ್ಲ. ಐಎಸ್ 303 ಎಂದಿದ್ದರೆ ಅದು ಒಳಾಂಗಣದ ಸಾಮಾನ್ಯ ಕೆಲಸಕ್ಕೆ. ಚರ್ಚಿನ ನೆಲವನ್ನು ವಾರ ವಾರ ಒರೆಸುತ್ತಾರೆ, ಬಾಗಿಲು ತೆರೆದಿದ್ದರೆ ಮಳೆಯ ಇರಿಚಲೂ ಬರುತ್ತದೆ.

ಸ್ಕ್ರೂ, ಬೋಲ್ಟು ಎಲ್ಲಾ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಸಮುದ್ರದ ಗಾಳಿಗೆ ಸಾದಾ ಕಬ್ಬಿಣ ತುಕ್ಕು ಹಿಡಿದು ಮರವನ್ನೂ ಕಪ್ಪಾಗಿಸುತ್ತದೆ.

ಚೌಕಟ್ಟು

ವೇದಿಕೆ 4 ಅಡಿ ಉದ್ದ, 4 ಅಡಿ ಅಗಲ, 12 ಇಂಚು ಎತ್ತರ. ಇಷ್ಟು ಅಗಲ ಯಾಕೆಂದರೆ, ಸನ್ನೆ ಮಾಡುವವರು ಒಂದೇ ಕಡೆ ಕಂಬದಂತೆ ನಿಲ್ಲುವುದಿಲ್ಲ. ಕಥೆಯಲ್ಲಿ ಇಬ್ಬರು ಮಾತಾಡಿದರೆ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ವಾಲುತ್ತಾರೆ. ಜೊತೆಗೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಬ್ಬರು ಇಂಟರ್‌ಪ್ರಿಟರ್ ಬದಲಾಗುವುದು ವಾಡಿಕೆ. ಆ ಒಂದು ಗಳಿಗೆ ಇಬ್ಬರೂ ಮೇಲಿರುತ್ತಾರೆ.

ಪಕ್ಕಾಸನ್ನು 3×2 ಇಂಚಿಗೆ ಹತ್ತರಿ ಹೊಡೆಸಿ. ಬೇಕಾಗುವ ತುಂಡುಗಳು ಹೀಗೆ: 48 ಇಂಚಿನದು ಎರಡು, 44 ಇಂಚಿನದು ನಾಲ್ಕು, ಕಾಲಿಗೆ 11¼ ಇಂಚಿನದು ಆರು, ಕೆಳಗಿನ ಕಟ್ಟಿಗೆ ಸುಮಾರು 44 ಇಂಚಿನದು ನಾಲ್ಕು. ಮೆಟ್ಟಿಲಿಗೆ ಇನ್ನೊಂದು 12 ಅಡಿ. ಒಟ್ಟು 55 ಅಡಿ ಬರುತ್ತದೆ. ಹಳೆ ಮರದಲ್ಲಿ ತೂತು, ಸೀಳು ಇರುವುದರಿಂದ 70 ಅಡಿ ತನ್ನಿ. ಮರದವರು ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ಹೇಳುತ್ತಾರೆ. ಅಗಲದ ಇಂಚು, ದಪ್ಪದ ಇಂಚು, ಉದ್ದದ ಅಡಿ ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 3×2×70 ಅಂದರೆ 420, ಭಾಗಿಸಿದರೆ ಮೂರು ಸಿಎಫ್‌ಟಿಗೆ ಸ್ವಲ್ಪ ಕಡಿಮೆ. ಈ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ನಿಂತು ಮಾತಾಡಲು ಸುಲಭ.

48 ಇಂಚಿನ ಎರಡನ್ನು ಹಿಂದೆ ಮುಂದೆ ಇಡಿ. ಅವುಗಳ ನಡುವೆ 44 ಇಂಚಿನ ನಾಲ್ಕನ್ನೂ ಏಣಿಯ ಮೆಟ್ಟಿಲಿನ ಹಾಗೆ ಸಮ ದೂರದಲ್ಲಿ ಕೂರಿಸಿ. ಎರಡು ತುದಿಗೆ, ಎರಡು ಒಳಗೆ. ಪಕ್ಕಾಸಿನ 3 ಇಂಚಿನ ಬದಿ ನಿಂತಿರಬೇಕು, ಮಲಗಿರಬಾರದು. ಭಾರ ತಡೆಯುವುದು ಆ ಎತ್ತರವೇ. ಒಳಗಿನ ಎರಡು ಅಡ್ಡಪಟ್ಟಿಗಳ ತುದಿಯನ್ನು ಮುಂದಿನ ಮತ್ತು ಹಿಂದಿನ ಪಟ್ಟಿಯಲ್ಲಿ ಅರ್ಧ ಇಂಚು ಗಾಡಿ (ಕಚ್ಚು) ತೆಗೆದು ಕೂರಿಸಿದರೆ ಇನ್ನೂ ಗಟ್ಟಿ. ಹಾಗೆ ಮಾಡುವುದಾದರೆ ಆ ಎರಡನ್ನು 45 ಇಂಚಿಗೆ ಕೊಯ್ಯಿರಿ. ಇದು ಉಳಿಯ ಕೆಲಸ, ಕೈ ಪಳಗಿದವರು ಪಕ್ಕದಲ್ಲಿರಲಿ.

ಸ್ಕ್ರೂ ಬಿಗಿಯುವ ಮುಂಚೆ ಚೌಕ ನೋಡಿ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. ಎರಡೂ ಕಡೆ ಸುಮಾರು 67⅞ ಇಂಚು ಬರಬೇಕು. ನನ್ನದರಲ್ಲಿ ಒಂದು ಕಡೆ ಕಾಲು ಇಂಚು ಜಾಸ್ತಿ ಬಂತು. ಆಚಾರಿ ಉದ್ದ ಬಂದ ಮೂಲೆಗೆ ಕೊಡತಿಯಿಂದ ಒಂದೇ ಒಂದು ಪೆಟ್ಟು ಕೊಟ್ಟರು. ಮತ್ತೆ ಅಳೆದಾಗ ಸರಿ ಇತ್ತು. ಎಲ್ಲಿ, ಎಷ್ಟು ಹೊಡೆಯಬೇಕು ಎಂದು ಅವರ ಕೈಗೆ ಗೊತ್ತಿದೆ.

ನಾಲ್ಕು ಮೂಲೆಯ ಒಳಗೆ ನಾಲ್ಕು ಕಾಲು, ಒಳಗಿನ ಎರಡು ಅಡ್ಡಪಟ್ಟಿಯ ನಡುವಿಗೆ ಒಂದೊಂದು ಕಾಲು. ಕಾಲಿನ ತಲೆ ಚೌಕಟ್ಟಿನ ಮೇಲ್ಮೈಗೆ ಸಮವಾಗಿರಲಿ. ಬರೀ ಸ್ಕ್ರೂ ಸಾಲದು, ಬೋಲ್ಟೇ ಹಾಕಿ. ಎರಡು ಮರದ ದಪ್ಪ ಕೂಡಿಸಿ ಅದಕ್ಕಿಂತ ಒಂದಿಂಚು ಉದ್ದದ ಬೋಲ್ಟು, ಎರಡೂ ಕಡೆ ವಾಶರ್. ನೆಲದಿಂದ ಎರಡಿಂಚು ಮೇಲೆ ಮೂಲೆಯ ನಾಲ್ಕು ಕಾಲುಗಳನ್ನು ಸುತ್ತ ಕಟ್ಟುವ ಪಟ್ಟಿ ಬರಲಿ. ಕಾಲಿನ ಬುಡಕ್ಕೆ ರಬ್ಬರ್ ಬುಷ್ ಹಾಕಿದರೆ ಒರೆಸಿದ ನೀರು ಮರಕ್ಕೆ ಏರುವುದಿಲ್ಲ, ಗ್ರಾನೈಟ್ ನೆಲದಲ್ಲಿ ಜಾರುವುದೂ ಇಲ್ಲ.

ಪ್ಲೈ ಶೀಟನ್ನು ಎರಡು ಮಾಡಿ ಒಂದರ್ಧವನ್ನು ಮೇಲೆ ಹಾಸಿ. ಪ್ರತಿ ಆರಿಂಚಿಗೆ ಒಂದು ಸ್ಕ್ರೂ, ತಲೆ ಒಳಗೆ ಇಳಿಯಬೇಕು. ಉಳಿದರ್ಧದಲ್ಲಿ ಮೆಟ್ಟಿಲಿನ ಹಾಸು ಆಗುತ್ತದೆ. ಮೆಟ್ಟಿಲು 6 ಇಂಚು ಎತ್ತರ, ಒಂದಡಿ ಅಗಲ, ನಾಲ್ಕಡಿ ಉದ್ದ. ಅದನ್ನು ವೇದಿಕೆಗೇ ಬೋಲ್ಟ್ ಮಾಡಿ, ಬಿಡಿಯಾಗಿ ಇಡಬೇಡಿ. ಅಂಚಿಗೆಲ್ಲಾ ಎರಡಿಂಚು ಅಗಲದ ಹಳದಿ ಬಣ್ಣ ಬಳಿದು, ಅದರ ಮೇಲೆ ಮೆಟ್ಟಿಲಿಗೆ ಅಂಟಿಸುವ ಒರಟು ಟೇಪು ಹಾಕಿ. ಸನ್ನೆ ಮಾಡುವವರು ಕಾಲು ನೋಡುವುದಿಲ್ಲ. ಅಂಚು ಬಂತು ಎಂದು ಪಾದಕ್ಕೇ ಗೊತ್ತಾಗಬೇಕು.

ಎಲ್ಲಾ ಸೇರಿ ಸುಮಾರು ಅರವತ್ತು ಕೆಜಿ ಆಗುತ್ತದೆ. ನಾಲ್ಕು ಜನ ಎತ್ತಲಿ.

ಒಟ್ಟಿಗೆ ಕೆಲಸ ಮಾಡುವಾಗ

ನಮ್ಮ ಜೊತೆ ಮೂವರು ಕಿವುಡ ಹುಡುಗರು ಪ್ರತಿ ಶನಿವಾರ ಬಂದರು. ಅವರಲ್ಲಿ ಒಬ್ಬ ಐಟಿಐ ಕಲಿತವನು, ನನಗಿಂತ ಚೆನ್ನಾಗಿ ಗರಗಸ ಹಿಡಿಯುತ್ತಿದ್ದ. ಡ್ರಿಲ್ ಮರದ ಆ ಬದಿ ತಲುಪುವ ಹೊತ್ತು ಅವನಿಗೆ ಅಂಗೈಯ ಅದುರಿನಲ್ಲೇ ತಿಳಿಯುತ್ತಿತ್ತು. ತಕ್ಷಣ ಒತ್ತಡ ಕಡಿಮೆ ಮಾಡುತ್ತಿದ್ದ. ನಾನು ಒತ್ತಿದ ಕಡೆ ಮರ ಸಿಡಿದಿತ್ತು, ಅವನು ಕೊರೆದ ತೂತಿನ ಅಂಚು ನುಣ್ಣಗಿತ್ತು.

ಕೆಲಸಕ್ಕೆ ಮುಂಚೆ ಕೆಲವು ನಿಯಮ ಮಾಡಿಕೊಳ್ಳಿ. ಮೆಷಿನ್ ಓಡಿಸುವವರನ್ನು ಹಿಂದಿನಿಂದ ಮುಟ್ಟಬಾರದು, ಬೆಚ್ಚಿಬಿದ್ದರೆ ಬೆರಳು ಹೋಗುತ್ತದೆ. ಎದುರಿನಿಂದ, ಕಾಣುವ ಹಾಗೆ ಬನ್ನಿ. 'ನಿಲ್ಲಿಸು' ಎಂಬುದಕ್ಕೆ ಒಂದೇ ಸನ್ನೆ ಇರಲಿ, ಅದು ಎಲ್ಲರಿಗೂ ಗೊತ್ತಿರಲಿ. ಮೆಷಿನ್ನಿನ ಸ್ವಿಚ್ಚು ಇರುವ ಬೋರ್ಡಿಗೇ ಒಂದು ಬಲ್ಬು ಹಾಕಿಸಿ, ಕರೆಂಟು ಬಂದಿದೆ ಎಂದು ದೂರದಿಂದಲೂ ಕಾಣುತ್ತದೆ. ಗರಗಸ ಓಡುವಾಗ ಕಿವಿಗೆ ಮಫ್ ಹಾಕಿಕೊಂಡ ನಮಗೂ ಏನೂ ಕೇಳಿಸುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅಂಗಳದಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದೆವು. ನಾನು ಸನ್ನೆ ಭಾಷೆ ಕಲಿತದ್ದು ಹೆಚ್ಚಿನಂಶ ಹಾಗೆಯೇ. ಮೊದಲು ಬಂದ ಪದಗಳು ಅಳತೆ, ಸಾಕು, ಇನ್ನೂ ಸ್ವಲ್ಪ.

ಮಾತಿಗೆ ಕೈ ಬೇಕು, ಕೆಲಸಕ್ಕೂ ಕೈ ಬೇಕು. ಹಾಗಾಗಿ ಅವರು ಉಳಿ ಕೆಳಗಿಟ್ಟು ಮಾತಾಡುತ್ತಾರೆ. ಅದಕ್ಕೆ ಸಮಯ ಕೊಡಿ, ಅವಸರ ಮಾಡಬೇಡಿ.

ಹಿನ್ನೆಲೆ ಹಲಗೆ

ಇಲ್ಲಿ ನನ್ನ ಮನಸ್ಸಿಗೆ ಹತ್ತಿರದ ಒಂದು ತಪ್ಪು ಇದೆ.

ಹಿನ್ನೆಲೆ ಹಲಗೆ ಅಂದರೆ ಇಂಟರ್‌ಪ್ರಿಟರ್ ಬೆನ್ನ ಹಿಂದೆ ನಿಲ್ಲುವ ಮರೆ. 4 ಅಡಿ ಅಗಲ, ವೇದಿಕೆಯ ಮೇಲೆ 7 ಅಡಿ ಎತ್ತರ. 2×1 ಇಂಚಿನ ರೀಪಿನ ಚೌಕಟ್ಟು, ಅದಕ್ಕೆ 6 ಮಿ.ಮೀ. ಪ್ಲೈ. ಎರಡು ಬದಿಯ ನಿಲುವು ಪಟ್ಟಿಗಳನ್ನು ಮಾತ್ರ ದಪ್ಪ ಮರದಲ್ಲಿ ಮಾಡಿ, ನೆಲದವರೆಗೆ ಇಳಿಸಿ, ವೇದಿಕೆಯ ಹಿಂದಿನ ಪಟ್ಟಿಗೆ ಬೋಲ್ಟ್ ಮಾಡಿ. ಫ್ಯಾನಿನ ಗಾಳಿಗೆ ಅಲುಗಬಾರದು.

ಪ್ಲೈಯ ಬದಲು ನಾನು ಹಲಸಿನ ಹಲಗೆ ಹಾಕಿದ್ದೆ. ಕೊಯ್ದಾಗ ಹಳದಿ ಇದ್ದದ್ದು ಪಾಲಿಶ್ ಹೊಡೆಯುತ್ತಾ ಹೋದಂತೆ ಕೆಂಪು ಕಂದು ಆಯಿತು. 80, 120, 180 ನಂಬರಿನ ಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ್ದೆ. ಮರದ ಗೆರೆಗಳು ನೀರಿನ ಅಲೆಯ ಹಾಗೆ ಕಾಣುತ್ತಿದ್ದವು. ಆಚಾರಿ ಕೂಡ ಕೈಯಾಡಿಸಿ ಚೆನ್ನಾಗಿದೆ ಅಂದರು.

ಒಬ್ಬರು ಹಿರಿಯ ಆಂಟಿ ಅದರ ಎದುರು ನಿಂತು 'ನಮ್ಮ ತಂದೆಯೇ' ಪ್ರಾರ್ಥನೆಯನ್ನು ಸನ್ನೆಯಲ್ಲಿ ಹೇಳಿದರು. ಕೊನೆಯ ಬೆಂಚಿನಿಂದ ಅವರ ಗಂಡ ನೋಡುತ್ತಿದ್ದರು. ಅರ್ಧಕ್ಕೆ ಅವರು ಎದ್ದು ಬಂದರು. ತಮ್ಮ ಅಂಗೈಯ ಹಿಂಬದಿಯನ್ನು ಹಲಗೆಗೆ ತಾಗಿಸಿ ಹಿಡಿದು ನನಗೆ ತೋರಿಸಿದರು. ಕಂದು ಹಲಗೆ, ಕಂದು ಕೈ. ಬೆರಳು ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತು ಎಂದು ಹತ್ತಡಿ ದೂರದಿಂದ ಗೊತ್ತಾಗುತ್ತಿರಲಿಲ್ಲ. ಅದರ ಮೇಲೆ ಗೆರೆಗಳು ಬೇರೆ, ಪಾಲಿಶಿನ ಹೊಳಪು ಬೇರೆ.

ಮರುದಿನ ಆ ಹಲಗೆಗೆ ನೀಲಿ ಬಣ್ಣ ಬಳಿದೆ. ಕೈ ಸ್ವಲ್ಪ ನಡುಗಿತು, ನಿಜ. ಆದರೆ ಎರಡನೇ ಕೋಟ್ ಒಣಗಿದ ಮೇಲೆ ಆಂಟಿ ಮತ್ತೆ ನಿಂತಾಗ ಅವರ ಹತ್ತೂ ಬೆರಳು ಒಂದೊಂದಾಗಿ ಎದ್ದು ಕಂಡವು.

ಹಾಗಾಗಿ ಹಿನ್ನೆಲೆಗೆ ಒಳ್ಳೆಯ ಮರ ವ್ಯರ್ಥ ಮಾಡಬೇಡಿ, ಪ್ಲೈ ಸಾಕು. ಬಣ್ಣ ಒಂದೇ ಇರಲಿ. ಮಾಸಲು ನೀಲಿ ಅಥವಾ ಬೂದು ನೀಲಿ ನಮ್ಮ ಮೈಬಣ್ಣಗಳಿಗೆ ಚೆನ್ನಾಗಿ ಹೊಂದುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಂಟೇ ಬೇಕು. ಬಿಳಿ ಬೇಡ, ಒಂದು ಗಂಟೆ ನೋಡಿದರೆ ಕಣ್ಣು ದಣಿಯುತ್ತದೆ. ಶಿಲುಬೆ, ಹೂವು, ವಾಕ್ಯ ಯಾವುದನ್ನೂ ಅದರ ಮೇಲೆ ಬರೆಯಬೇಡಿ. ಬರೆಯಲು ಕೇಳುವವರು ಬಂದೇ ಬರುತ್ತಾರೆ. ದಾನಿಗಳ ಹೆಸರನ್ನು ಹಿಂಬದಿಗೆ ಹಾಕಿಸಿ.

ಬೆಳಕು

ಕಿಟಕಿ ಇಂಟರ್‌ಪ್ರಿಟರ್ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಹಿನ್ನೆಲೆ ಹಲಗೆ ಅದನ್ನು ಸ್ವಲ್ಪ ತಡೆಯುತ್ತದೆ. ಎದುರಿನಿಂದ, ಸ್ವಲ್ಪ ಮೇಲಿನಿಂದ ಎರಡು ಬದಿಗೂ ಒಂದೊಂದು ದೀಪ ಬೇಕು. ಒಂದೇ ದೀಪ ಇದ್ದರೆ ಕೈಯ ನೆರಳು ಮುಖಕ್ಕೆ ಬೀಳುತ್ತದೆ. ಪೂಜೆ ಬೆಳಿಗ್ಗೆ ಎಂಟಕ್ಕೆ ಇದ್ದರೆ ಎಂಟಕ್ಕೇ ಹೋಗಿ ಪರೀಕ್ಷಿಸಿ, ಸಂಜೆ ನೋಡಿ ಪ್ರಯೋಜನ ಇಲ್ಲ. ವೈರಿಂಗ್ ಕೆಲಸವನ್ನು ಎಲೆಕ್ಟ್ರಿಷಿಯನ್ನಿಗೆ ಬಿಡಿ.

ಬೆಂಚು

ಚರ್ಚಿನ ಉದ್ದ ಬೆಂಚುಗಳು ಬಾಗುವುದಿಲ್ಲ. ಅದಕ್ಕೇ ಆರಡಿಯ ನಾಲ್ಕು ಗಿಡ್ಡ ಬೆಂಚು ಮಾಡಿದೆವು. ಒಂದರಲ್ಲಿ ಮೂವರು. ಸಾಮಾನ್ಯವಾಗಿ ಒಬ್ಬರಿಗೆ ಒಂದೂವರೆ ಅಡಿ ಲೆಕ್ಕ ಹಾಕುತ್ತಾರೆ, ಇಲ್ಲಿ ಎರಡಡಿ ಕೊಡಿ. ಕೂತವರೂ ಪ್ರಾರ್ಥನೆ ಹೇಳುತ್ತಾರೆ, ಹಾಡುತ್ತಾರೆ, ಅದೆಲ್ಲಾ ಮೊಣಕೈ ಅಗಲಿಸಿಯೇ ಆಗಬೇಕು. ಕೈಯಾನಿಕೆ ಬೇಡ.

ಬೆನ್ನಿನ ಹಲಗೆ ಮತ್ತು ಕಾಲಿಡುವ ಪಟ್ಟಿ ಎರಡೂ ಒಂದು ತುದಿಯಿಂದ ಇನ್ನೊಂದು ತುದಿಗೆ ತುಂಡಿಲ್ಲದೆ ಬರಲಿ. ಕಿವುಡರು ಒಬ್ಬರನ್ನೊಬ್ಬರು ಕರೆಯುವುದು ಕೈ ಬೀಸಿ, ಭುಜ ತಟ್ಟಿ, ಇಲ್ಲವೇ ಮರ ತಟ್ಟಿ. ಗ್ರಾನೈಟ್ ನೆಲಕ್ಕೆ ಕಾಲು ಬಡಿದರೆ ಏನೂ ಗೊತ್ತಾಗುವುದಿಲ್ಲ. ಮರದ ಪಟ್ಟಿಯಾದರೆ ಈ ತುದಿಯಲ್ಲಿ ತಟ್ಟಿದ್ದು ಆ ತುದಿಯ ಪಾದಕ್ಕೆ ಮುಟ್ಟುತ್ತದೆ. ಮೊಣಕಾಲೂರುವ ಹೊತ್ತು ಬಂದಾಗ ಈಗ ಒಬ್ಬರು ಪಟ್ಟಿಗೆ ಎರಡು ಸಲ ಹಿಮ್ಮಡಿ ಬಡಿಯುತ್ತಾರೆ, ಸಾಲು ಒಟ್ಟಿಗೆ ಮಂಡಿಯೂರುತ್ತದೆ. ಕಿವಿ ಕೇಳುವವರಿಗೆ ಗಂಟೆ ಇದ್ದ ಹಾಗೆ.

ಎದುರಿನ ಬೆಂಚಿನ ಬೆನ್ನಿಗೆ ಪುಸ್ತಕ ಇಡುವ ಸಣ್ಣ ಓರೆ ತಟ್ಟೆ ಹಾಕಿ, ಕೆಳಗೆ ತಡೆ ಇರಲಿ. ಪುಸ್ತಕ ಕೈಯಲ್ಲಿ ಹಿಡಿದರೆ ಮಾತು ನಿಲ್ಲುತ್ತದೆ ಅಲ್ವಾ? ಉಳಿದಂತೆ ಇದು ಸಾದಾ ಬೆಂಚಿನ ಕೆಲಸ, ಯಾವ ಆಚಾರಿಯೂ ಹೇಳಿಕೊಡುತ್ತಾರೆ.

ಒಪ್ಪಿಸುವಾಗ

ಮೊದಲ ಪೂಜೆಗೆ ಮುಂಚೆ ನಾಲ್ಕು ಜನ ದೊಡ್ಡವರನ್ನು ವೇದಿಕೆ ಮೇಲೆ ನಿಲ್ಲಿಸಿ, ಅಂಚಿಗೆ ಬಂದು ಭಾರ ಹಾಕಿಸಿ. ಎಲ್ಲೂ ಏಳಬಾರದು. ಬೆಂಚುಗಳ ಜಾಗಕ್ಕೆ ಹಾಕಿದ ಸುಣ್ಣದ ಗುರುತಿನ ಬದಲು ನೆಲಕ್ಕೆ ಸಣ್ಣ ಬಣ್ಣದ ಚುಕ್ಕಿ ಇಡಿ. ಇಲ್ಲದಿದ್ದರೆ ಮದುವೆಯೊಂದು ಮುಗಿದ ಮೇಲೆ ಬೆಂಚು ಮತ್ತೆ ನೇರ ಸಾಲಿಗೆ ಬಂದು ನಿಂತಿರುತ್ತದೆ.

ವೇದಿಕೆಯ ಅಡಿಯಲ್ಲಿ, ಹಿಂದಿನ ಪಟ್ಟಿಗೆ ಒಂದು ಡಬ್ಬಿ ತಿರುಪು ಹಾಕಿ ಕೂರಿಸಿದ್ದೇವೆ. ಅದರಲ್ಲಿ ಒಂದು ಸ್ಪ್ಯಾನರ್, ನಾಲ್ಕು ಬೋಲ್ಟು, ಒಂದು ಸಣ್ಣ ಡಬ್ಬಿ ನೀಲಿ ಬಣ್ಣ ಇದೆ. ಮುಚ್ಚಳದ ಮೇಲೆ ಐಟಿಐ ಹುಡುಗ ಚಿತ್ರ ಬರೆದಿದ್ದಾನೆ: ಯಾವ ಬೋಲ್ಟು, ಯಾವ ಕಡೆ ತಿರುಗಿಸಬೇಕು. ವರ್ಷಕ್ಕೆರಡು ಸಲ, ಮಳೆ ಶುರುವಾಗುವ ಮುಂಚೆ ಮತ್ತು ಮುಗಿದ ಮೇಲೆ, ಅವನೇ ಬಂದು ಬಿಗಿ ಮಾಡುತ್ತಾನೆ. ಕಳೆದ ಸಲ ಹೋದಾಗ ಒಂದು ಕಾಲಿನ ರಬ್ಬರ್ ಬುಷ್ ಸವೆದಿದೆ ಎಂದು ಫೋಟೋ ಕಳಿಸಿದ್ದ. ಹೊಸದು ತಂದಿಟ್ಟಿದ್ದೇನೆ, ಬರುವ ಶನಿವಾರ ಹಾಕುತ್ತೇವೆ.